ರಿವರ್ಸ್ ಗೇರಿನಲ್ಲಿ ಅತ್ತೆ ಮನೆಗೆ

ಎಲ್ಲಕ್ಕೂ ಮೂಲ ಒಂದು 'ಕಟ್' ಎಂಬ ಸದ್ದು. ಮೊದಲನೇ ಗೇರಿನಿಂದ ಎರಡನೆಯದಕ್ಕೆ ಹಾಕುವಾಗ ನಿರಾಪದ ಹಾಜ್ರಾರ ಹಳೇ ಅಂಬಾಸಡರ್ ಕಾರು ಮೂರು ವಾರದಿಂದ ಹಾಗೆ ಅನ್ನುತ್ತಿತ್ತು. ಬೇರೆಯವರಾಗಿದ್ದರೆ ಮೆಕ್ಯಾನಿಕ್‌ಗೆ ತೋರಿಸುತ್ತಿದ್ದರು. ನಿರಾಪದಬಾಬುವಿಗೆ ಒಳಗೇನಿದೆಯೆಂದು ತಾವೇ ಬಿಚ್ಚಿ ನೋಡದಿದ್ದರೆ ಅನ್ನ ಸೇರುವುದಿಲ್ಲ. ಮನೆಯ ಗೋಡೆ ಗಡಿಯಾರ ಇದೇ ಕುತೂಹಲಕ್ಕೆ ಬಲಿಯಾಗಿ ಎರಡು ವರ್ಷವಾಗಿತ್ತು.

ಬಾನೆಟ್ ಎತ್ತಿ ನೋಡಿದರು. ಸ್ಟೇರಿಂಗ್ ಪಕ್ಕದ ಗೇರ್ ಹಿಡಿಯಿಂದ ಗೇರ್‌ಬಾಕ್ಸ್‌ಗೆ ಇಳಿಯುವ ಎರಡು ಸರಳುಗಳ ಕೀಲಿನಲ್ಲಿ ಒಂದು ವಾಷರ್ ಸವೆದು ಹೋಗಿತ್ತು. "ಇಷ್ಟೇನಾ!" ಎಂದು ಹಳೇ ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ಬಿಲ್ಲೆ ಕತ್ತರಿಸಿ ಕೂರಿಸಿದರು, ಮೇಲೆ ಧಾರಾಳವಾಗಿ ಎಣ್ಣೆ ಹೊಯ್ದರು. ಸದ್ದು ಮಾಯ.

ಮರುದಿನ ಜಾಮಾಯಿ ಷಷ್ಠಿ. ಬಂಗಾಳಿಗಳಲ್ಲಿ ಅತ್ತೆ ಅಳಿಯನನ್ನು, ಅಂದರೆ ಜಾಮಾಯಿಯನ್ನು, ಕೂರಿಸಿ ಉಣಬಡಿಸುವ ದಿನ. ಅಳಿಯನಿಗೆ ಅರವತ್ತು, ಅತ್ತೆಗೆ ಎಂಬತ್ತನಾಲ್ಕು ಆದರೂ ದಿನ ದಿನವೇ. ಹೋದ ವರ್ಷ ಆ ಕಾರನ್ನು ಜನ ತಳ್ಳಿಕೊಂಡು ಬಂದು ಅತ್ತೆ ಮನೆ ಮುಟ್ಟಿಸಿದಾಗ ಸಂಜೆ ನಾಲ್ಕಾಗಿತ್ತು. ಹಾಗಾಗಿ ಈ ಸಲ ಹೆಂಡತಿ ಚಿನ್ಮಯಿದೇವಿ ಬೆಳಗ್ಗೆಯೇ ಬಸ್ಸಿನಲ್ಲಿ ತವರಿಗೆ ಹೊರಟರು.

"ಕೇಳಿಸ್ಕೊಳ್ಳಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಆ ಕಾರು ಅಮ್ಮನ ಮನೆ ಬಾಗಿಲಲ್ಲಿ ನಿಂತಿರ್ಬೇಕು. ಇಲ್ಲಾಂದ್ರೆ ನಾಳೆ ಗುಜರಿಯವ್ನು ಬಂದು ತಗೊಂಡು ಹೋಗ್ತಾನೆ. ಮಾತಾಡಿಟ್ಟಿದೀನಿ."

ಆ ಕಾರೆಂದರೆ ನಿರಾಪದಬಾಬುವಿಗೆ ಪ್ರಾಣ.

ಹನ್ನೆರಡಕ್ಕೆ ಹೊಸ ಧೋತಿ ಉಟ್ಟು ಗಲ್ಲಿಯಿಂದ ದೊಡ್ಡ ರಸ್ತೆಗೆ ಕಾರನ್ನು ರಿವರ್ಸ್ ತೆಗೆದರು. ಅವಸರದಲ್ಲಿ ಮೂತಿ ಉತ್ತರಕ್ಕೆ ಬಂತು. ಅದನ್ನು ದಕ್ಷಿಣಕ್ಕೆ ತಿರುಗಿಸಲೆಂದು ಮೊದಲನೇ ಗೇರು ಹಾಕಲು ಹೋದರೆ ಹಿಡಿ ರಿವರ್ಸಿನಿಂದ ಅಲ್ಲಾಡಲಿಲ್ಲ. ಎಳೆದರು, ದಬ್ಬಿದರು, ಬೇಡಿಕೊಂಡರು. ಅಷ್ಟರಲ್ಲಿ ಗಲ್ಲಿಯೆಲ್ಲ ಸುತ್ತ ನೆರೆದಿತ್ತು.

"ಕ್ಲಚ್ ಹೋಯ್ತು," ಎಂದರು ಔಷಧಿ ಅಂಗಡಿಯವರು.

"ಗೇರ್ ಎಣ್ಣೆ ಗಟ್ಟಿಯಾಗಿರತ್ತೆ, ಬಿಸಿನೀರು ಹುಯ್ಯೋಣ," ಎಂದು ಚಹಾದಂಗಡಿಯವನು ಕೆಟಲ್ ಹಿಡಿದೇ ಓಡಿಬಂದ.

ಅವರನ್ನೆಲ್ಲ ಸರಿಸಿ ಮುಂದೆ ಬಂದವರು ಮನ್ಮಥ ಹಾಲ್ದಾರ್. ಫುಟ್‌ಬಾಲ್ ರೆಫರಿಯಾಗಿ ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಕೊರಳಿನ ಸೀಟಿ ಮಾತ್ರ ನಿವೃತ್ತವಾಗಿರಲಿಲ್ಲ.

"ಏನಯ್ಯಾ ನಿರಾಪದ, ನಿಮ್ಮತ್ತೆ ಮನೆ ಯಾವ ಕಡೆ?"

"ಇದೇ ರಸ್ತೇಲಿ ದಕ್ಷಿಣಕ್ಕೆ ದಾದಾ, ಒಂದು ಮೈಲಿ."

"ಕಾರು ಯಾವ ಕಡೆ ಹೋಗ್ತಿದೆ?"

"ದಕ್ಷಿಣಕ್ಕೇ. ಆದ್ರೆ ಹಿಂದ್ಹಿಂದಕ್ಕೆ."

"ಮತ್ತೇನು ರಗಳೆ? ಹೊರಡು! ಹಿಂದಿನ ಸೀಟಲ್ಲಿ ಕೂತು ನಾನು ದಾರಿ ನೋಡ್ತೀನಿ."

ಆ ರಸ್ತೆ ಬೆಳಗಿನಿಂದ ಒಂದು ಗಂಟೆಯವರೆಗೆ ದಕ್ಷಿಣಕ್ಕೆ ಏಕಮುಖ, ಒಂದಾದ ಮೇಲೆ ಉತ್ತರಕ್ಕೆ. ಕಲ್ಕತ್ತೆಯವರು ಗಡಿಯಾರ ನೋಡಿಕೊಂಡೇ ಬೀದಿಗಿಳಿಯುವುದು. ಕಾರು ಮೂತಿಯನ್ನು ಉತ್ತರಕ್ಕೆ ಇಟ್ಟುಕೊಂಡು, ಬಸ್ಸುಗಳ ನಡುವೆ ದಕ್ಷಿಣಕ್ಕೆ ತೆವಳಿತು. ಮನ್ಮಥಬಾಬು ಅಡ್ಡ ಬಂದವರಿಗೆಲ್ಲ ಸೀಟಿ ಊದಿದರು. ಹಾಗೆ ಊದಿದ್ದೇ ತಪ್ಪಾಯಿತು.

"ಈ ರಸ್ತೇಲಿ ಸೀಟಿ ಊದೋನು ನಾನೊಬ್ನೇ!" ಬಿಳಿ ಸಮವಸ್ತ್ರದ ಟ್ರಾಫಿಕ್ ಸಾರ್ಜೆಂಟ್ ಕೈ ಅಡ್ಡ ಹಿಡಿದ. "ಒನ್ ವೇನಲ್ಲಿ ಎದುರಿಗೆ ಬರ್ತಿದೀರಲ್ರೀ!"

"ಎದುರಿಗೆಲ್ಲಿ ಸರ್? ಬಸ್ ಹೋಗೋ ಕಡೆಗೇ ಹೋಗ್ತಿದೀವಿ," ಎಂದರು ನಿರಾಪದಬಾಬು.

"ಮೂತಿ ಉತ್ತರಕ್ಕಿದೆ!"

"ಕಾನೂನು ಇರೋದು ಚಕ್ರಕ್ಕೆ, ಮೂತಿಗಲ್ಲ," ಎಂದು ಮನ್ಮಥಬಾಬು ತೀರ್ಪು ಕೊಟ್ಟರು.

ಸಾರ್ಜೆಂಟ್ ಯೋಚನೆಗೆ ಬಿದ್ದ. ಕಾರಿಗೆ ಎರಡು ಸುತ್ತು ಬಂದ. ಹಿಂದೆ ನಿಂತ ಮಿನಿಬಸ್ಸಿನಿಂದ ಜನ ಇಳಿದು ಚಕ್ರದ ಪಕ್ಷ, ಮೂತಿಯ ಪಕ್ಷ ಎಂದು ಎರಡಾಗಿ ವಾದಕ್ಕೆ ನಿಂತರು. ಐವತ್ತು ಗಜದಾಚೆ ಅತ್ತೆ ಮನೆಯ ಬಾಲ್ಕನಿ ಕಾಣುತ್ತಿತ್ತು. ಅಲ್ಲಿ ಕೈಗಡಿಯಾರ ನೋಡುತ್ತ ಚಿನ್ಮಯಿದೇವಿ, ಪಕ್ಕದಲ್ಲಿ ಮಾವಿನಹಣ್ಣು ಚೀಪುತ್ತ ಅವರ ತಮ್ಮ ಘೊಂಟು, ಕುರ್ಚಿಯಲ್ಲಿ ಅತ್ತೆ.

"ಸರ್, ಐವತ್ತೇ ಗಜ ಬಿಟ್ಬಿಡಿ. ನನ್ನ ಕಾರು ಉಳ್ಕೊಳ್ಳತ್ತೆ!" ನಿರಾಪದಬಾಬು ಕೈಮುಗಿದರು.

ಸಾರ್ಜೆಂಟ್ ಮನಸ್ಸು ಕರಗಿ ಬಾಯಿ ತೆರೆಯುವಷ್ಟರಲ್ಲಿ ಒಂದು ಗಂಟೆ ಹೊಡೆಯಿತು. ರಸ್ತೆ ತಿರುಗಿಬಿತ್ತು.

"ಈಗ ನಿಮ್ಮ ಮೂತಿ ಸರಿಯಾಗಿದೆ," ಎಂದ ಅವನು. "ಚಕ್ರ ಹಿಂದಕ್ಕೆ ತಿರುಗಿದ್ರೆ ತಪ್ಪು. ಮುಂದಕ್ಕೆ ಹೋಗಿ."

"ಮುಂದಕ್ಕೆ ಹೋಗಲ್ಲ ಅನ್ನೋದೇ ಸರ್ ಇದರ ಕಾಯಿಲೆ!"

"ಯಾಕೆ ಹೋಗಲ್ಲ?" ಸಾರ್ಜೆಂಟ್ ಕಣ್ಣು ಮಿನುಗಿತು. "ನಮ್ಮಪ್ಪ ಮೂವತ್ತು ವರ್ಷ ಇದೇ ಗಾಡೀಲಿ ಟ್ಯಾಕ್ಸಿ ಓಡಿಸ್ದೋರು. ಬಾನೆಟ್ ಎತ್ರೀ."

ತೋಳು ಮಡಚಿ ಒಳಗೆ ಕೈಹಾಕಿದ. "ಇದೇನ್ರೀ ಇದು, ಚಪ್ಪಲಿ!" ರಬ್ಬರ್ ಬಿಲ್ಲೆ ಎಣ್ಣೆ ಕುಡಿದು ಪೂರಿಯಂತೆ ಉಬ್ಬಿ ಸರಳುಗಳನ್ನು ಕಚ್ಚಿ ಹಿಡಿದಿತ್ತು. ಅದನ್ನು ಕಿತ್ತೆಸೆದು, ಕೀಲಿಗೆ ಎರಡು ಸುತ್ತು ತಂತಿ ಸುತ್ತಿದ. ಮೊದಲನೇ ಗೇರು ಬೆಣ್ಣೆಯಂತೆ ಬಿತ್ತು. ಎರಡನೆಯದೂ ಬಿತ್ತು, 'ಕಟ್' ಇಲ್ಲದೆ.

ನಿರಾಪದಬಾಬು ಲೋಕವನ್ನೇ ಮರೆತರು. "ತಂತಿ ಎರಡೇ ಸುತ್ತು ಯಾಕೆ ಸರ್? ಮೂರು ಹಾಕಿದ್ರೆ?"

"ಆಮೇಲೆ ಕೇಳಿ ಮಾರಾಯ್ರೇ, ಮೊದ್ಲು ಹೊರಡಿ!"

ಹಿಂದೆ ಉತ್ತರಕ್ಕೆ ಹೊರಟ ನಾಲ್ಕು ಬಸ್ಸು ಅರಚುತ್ತಿದ್ದವು. ಸಾರ್ಜೆಂಟ್ ಸೀಟಿ ಊದಿದ, ಮನ್ಮಥಬಾಬುವೂ ಊದಿದರು. ಕಾರು ಚಂಗನೆ ನೆಗೆದು ಉತ್ತರಕ್ಕೆ, ಬಂದ ದಾರಿಯಲ್ಲೇ, ಭರ್ರನೆ ಓಡಿತು. ಅತ್ತೆ ಮನೆಯ ಬಾಲ್ಕನಿ ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಯಿತು.

ಮನ್ಮಥಬಾಬುವನ್ನು ಗಲ್ಲಿಯಲ್ಲಿ ಇಳಿಸಿ, ಅರ್ಧ ಊರು ಸುತ್ತಿ, ದಕ್ಷಿಣದ ಕಡೆಯಿಂದ ಒಳಹೊಕ್ಕು ಬಾಗಿಲು ಮುಟ್ಟಿದಾಗ ಮೂರು ಗಂಟೆ.

"ನಾಳೆ ಬೆಳಗ್ಗೆ ಗುಜರಿಯವ್ನು ಬರ್ತಾನೆ," ಎಂದರು ಚಿನ್ಮಯಿದೇವಿ. ಅಷ್ಟೇ ಅಂದದ್ದು. ನಿರಾಪದಬಾಬುವಿಗೆ ನಿಜಕ್ಕೂ ಅಳು ಬಂತು.

"ಗುಜರಿಗಂತೆ ಗುಜರಿಗೆ! ಸುಮ್ನಿರೇ," ಎಂದು ಅತ್ತೆ ಗದರಿದರು. ಅಳಿಯನನ್ನು ಕೂರಿಸಿ, ಕೈಗೆ ಹಳದಿ ದಾರ ಕಟ್ಟಿ, ಹಿಲ್ಸಾ ಮೀನು ಬಡಿಸಿ, ಬೀಸಣಿಗೆ ಹಿಡಿದರು. "ನಾನು ಕಣ್ಣಾರೆ ನೋಡ್ದೆ. ಏಡಿ ಹಾಗೆ ಹಿಂದಕ್ಕೆ ಬಂತು, ಕುದುರೆ ಹಾಗೆ ಮುಂದಕ್ಕೆ ಹೋಯ್ತು. ಎರಡೂ ಕಡೆ ಇಷ್ಟು ಚೆಂದ ಓಡೋ ಗಾಡೀನ ಯಾರಾದ್ರೂ ಗುಜರಿಗೆ ಹಾಕ್ತಾರಾ?"

ನಿರಾಪದಬಾಬುವಿಗೆ ಹೋದ ಜೀವ ಬಂದಂತಾಯಿತು.

"ಅದಿನ್ನು ಇಲ್ಲೇ ಇರ್ಲಿ ಬಾಬಾ," ಎಂದರು ಅತ್ತೆ ಇನ್ನೊಂದು ತುಂಡು ಮೀನು ಬಡಿಸುತ್ತ. "ನಮ್ಮ ಘೊಂಟು ಯಾವಾಗ್ಲೂ ಗಾಡಿ ಗಾಡಿ ಅಂತಿರ್ತಾನೆ. ಏನಂತೀಯ?"

ಜಾಮಾಯಿ ಷಷ್ಠಿಯ ದಿನ ಅತ್ತೆಯ ಮಾತಿಗೆ ಇಲ್ಲವೆನ್ನುವ ಅಳಿಯ ಬಂಗಾಳದಲ್ಲಿ ಇನ್ನೂ ಹುಟ್ಟಿಲ್ಲ. ನಿರಾಪದಬಾಬುವಿನ ತಲೆ ತಾನಾಗಿಯೇ ಹೂಂ ಎಂದು ಆಡಿತು. ಕಾರು ಮನೆಯಿಂದ ತೊಲಗಿದರೆ ಸಾಕಾಗಿದ್ದ ಚಿನ್ಮಯಿದೇವಿ ಸಂತೋಷದಿಂದ ಪಾಯಸ ತಂದಿಟ್ಟರು.

ಘೊಂಟು ಆಗಲೇ ಕೀಲಿಕೈ ಎತ್ತಿಕೊಂಡಿದ್ದ. "ಜಾಮಾಯಿಬಾಬು, ನನಗೆ ಬಾನೆಟ್ ಎತ್ತೋಕೂ ಬರಲ್ಲ. ಪ್ರತಿ ಭಾನುವಾರ ಬಂದು ಗೇರ್ ಎಣ್ಣೆ, ಗ್ರೀಸು, ರಿಪೇರಿ ಎಲ್ಲ ನೀವೇ ನೋಡ್ಕೊಳ್ಳಿ."

"ಓಡಿಸೋದು?" ನಿರಾಪದಬಾಬು ಮೆಲ್ಲಗೆ ಕೇಳಿದರು.

"ಅದನ್ನ ನಾನು ನೋಡ್ಕೋತೀನಿ."