ಮುದ್ದೆ ಅಗಿಯಬೇಕೆಂದು ವಾದಿಸಿ ಕೆಟ್ಟದ್ದು

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆ. ಶ್ರೀನಿವಾಸಪುರದ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ನಾನು ಪತ್ನಿ ಸಾವಿತ್ರಿಯೊಡನೆ ಗೌನಿಪಲ್ಲಿಯ ಮಾವನವರ ಮನೆಗೆ ಹೋಗಿದ್ದೆ. ಊಟಕ್ಕೆ ಕುಳಿತು, ರಾಗಿಮುದ್ದೆಯನ್ನು ತುತ್ತಿಗೆ ಮೂವತ್ತೆರಡು ಬಾರಿ ಅಗಿಯುತ್ತಿದ್ದೆ. ಇಡೀ ಪಂಕ್ತಿ ಕೈ ನಿಲ್ಲಿಸಿ ನನ್ನ ದವಡೆಯನ್ನೇ ನೋಡಿತು.

"ಅಲ್ಲುಡುಗಾರೂ, ಮುದ್ದೆನ ಅಗೀಬಾರ್ದು. ಸಾರಲ್ಲಿ ಅದ್ದಿ ನುಂಗ್ಬೇಕು," ಎಂದರು ಮಾವ; ಅಳಿಯನನ್ನು ಅವರು ಕರೆಯುತ್ತಿದ್ದುದು ತೆಲುಗಿನಲ್ಲೇ.

ಮುದ್ದೆಯ ಸೀಮೆಯಾದ ಟೇಕಲ್‌ನಲ್ಲಿ ಹುಟ್ಟಿದ ನನಗೆ ಇದನ್ನು ಹೇಳಿಕೊಡುವುದೇ? ನುಂಗುವುದನ್ನು ನಾನು ವಿಜ್ಞಾನ ಓದಿದ ಮೇಲೆ ತ್ಯಜಿಸಿದ್ದೆ.

"ಜೊಲ್ಲಿನಲ್ಲಿ ಕಿಣ್ವ ಇದೆ ಮಾವ. ಅದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತೆ. ನುಂಗಿದರೆ ಅದಕ್ಕೆ ಸಮಯ ಎಲ್ಲಿ?"

"ಅಗಿಯೋ ಮೇಷ್ಟ್ರು," ಎಂದ ಬಾಮೈದ ನಾರಾಯಣಸ್ವಾಮಿ.

ಮರುದಿನ ಬೆಳಿಗ್ಗೆಯೇ ಅವನು ಮಾವಿನ ಬುಟ್ಟಿಗಳೊಡನೆ ಶ್ರೀನಿವಾಸಪುರದ ಮಂಡಿಗೆ ಹೋಗುವವನಿದ್ದ. ಆ ಹೆಸರು ಮಂಡಿಯಿಂದ ನನ್ನ ತರಗತಿಗೆ ತಲುಪಲು ಎಷ್ಟು ಹೊತ್ತು? ಆದ್ದರಿಂದ ಪಂಥ ಕಟ್ಟಿದೆ. ಪ್ರಯೋಗದಲ್ಲಿ ನಾನು ಗೆದ್ದರೆ ಅವನು ಬಾಯಿ ಮುಚ್ಚತಕ್ಕದ್ದು. ಸೋತರೆ ನಾನು ಎಲ್ಲರೆದುರು ಮುದ್ದೆ ನುಂಗತಕ್ಕದ್ದು.

ಗಾಯಕ್ಕೆ ಹಚ್ಚುವ ಅಯೋಡಿನ್ ಮನೆಯಲ್ಲಿತ್ತು. ಪಿಷ್ಟಕ್ಕೆ ಅದು ತಗುಲಿದರೆ ಕಡುನೀಲಿ ಬಣ್ಣ ಬರುತ್ತದೆ. ಜೊಲ್ಲು ಪಿಷ್ಟವನ್ನು ಒಡೆದಿದ್ದರೆ ಬರುವುದಿಲ್ಲ. ಆಗತಾನೇ ಬಸಿದ ಅನ್ನದ ಗಂಜಿಯನ್ನು ಲೋಟಕ್ಕೆ ಸುರಿದು, ಅದರೊಳಗೆ ಗಂಭೀರವಾಗಿ ಉಗುಳಿದೆ.

ಅತ್ತೆ ಗೋಡೆ ಹಿಡಿದುಕೊಂಡರು. "ಅನ್ನದ ಗಂಜಿಗೆ ಉಗೀತಾರಾ? ಅಳಿಯ ಅಂತ ಸುಮ್ನಿದೀನಿ."

ಕಾಲು ಗಂಟೆ ಕಾದು ಅಯೋಡಿನ್ ಬಿಟ್ಟೆ. ಕಡುನೀಲಿ! ನಾನು ದಿಗ್ಭ್ರಾಂತನಾದೆ. ನನ್ನ ಜೊಲ್ಲೇ ನನಗೆ ದ್ರೋಹ ಬಗೆದಿತ್ತು.

"ಕುದಿಯೋ ಹಾಲಿಗೆ ಹೆಪ್ಪು ಹಾಕ್ತಾರೇನ್ರೀ? ಆರಿಸ್ಬೇಕಿತ್ತು," ಎಂದಳು ಸಾವಿತ್ರಿ.

ಅತಿ ಶಾಖಕ್ಕೆ ಕಿಣ್ವ ಕೆಡುತ್ತದೆಂದು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದವನು ನಾನೇ.

ಪಾತ್ರೆಯಲ್ಲಿ ಉಳಿದಿದ್ದ ಗಂಜಿ ಆರಿತು. ಅಷ್ಟರಲ್ಲಿ ನನ್ನ ಬಾಯಿಯೂ ಒಣಗಿತ್ತು. ನಾರಾಯಣಸ್ವಾಮಿ ಮಹೋಪಕಾರಿಯಂತೆ ಮಾವಿನಕಾಯಿ ಹೋಳು ತಂದ. "ಚಪ್ಪರಿಸಿ ಭಾವ, ಜೊಲ್ಲು ತಾನೇ ಸುರೀತದೆ." ಸುರಿಯಿತು. ಹುಳಿಯಲ್ಲೂ ಆ ಕಿಣ್ವ ಕೆಲಸ ಮಾಡದೆಂಬುದು ಎರಡನೆಯ ಬಾರಿ ನೀಲಿ ಕಂಡ ಮೇಲೆ ನೆನಪಾಯಿತು. ಅವನು ಕಂಬ ಹಿಡಿದು ನಕ್ಕದ್ದನ್ನು ನಾನು ಇಂದಿಗೂ ಮರೆತಿಲ್ಲ.

ಕೊನೆಗೆ ಸಾವಿತ್ರಿ ಬಾಯಿ ಮುಕ್ಕಳಿಸಿ ಬಂದು, ಇನ್ನೊಂದು ಲೋಟದ ಆರಿದ ಗಂಜಿಗೆ ಸೆರಗಿನ ಮರೆಯಲ್ಲಿ ತಾನೇ ಉಗುಳಿದಳು. ಕಾದೆವು. ಅಯೋಡಿನ್ ಬಿಟ್ಟರೂ ನೀಲಿ ಬರಲಿಲ್ಲ. ನಾನು ಎದ್ದು ನಿಂತೆ. "ನೋಡಿದಿರಾ?"

ಮಾವ ಲೋಟವನ್ನು ಬೆಳಕಿಗೆ ಹಿಡಿದರು. "ಸರಿ, ಬಾಯಲ್ಲಿ ಒಡೀತದೆ, ಒಪ್ದೆ. ನಾನು ಹುಟ್ಟಿದಾಗಿಂದ ನುಂಗ್ತಾನೇ ಇದೀನಲ್ಲ, ಅದನ್ನ ಒಳಗೆ ಒಡೆಯೋರು ಯಾರು?"

ಉತ್ತರ ನನಗೆ ಗೊತ್ತಿತ್ತು. ಮೇದೋಜೀರಕ ಗ್ರಂಥಿಯ ರಸವು ಸಣ್ಣ ಕರುಳಿನಲ್ಲಿ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಪಠ್ಯಪುಸ್ತಕದ ಮುಂದಿನ ಪುಟದಲ್ಲಿಯೇ ಇದೆ. ಅದನ್ನು ಹೇಳಿದರೆ ನಾನೇ ಸೋತಂತೆ; ಕೈ ತೊಳೆದು ಪಂಕ್ತಿಯಲ್ಲಿ ಕುಳಿತೆ. ಅತ್ತೆ ತಟ್ಟೆಗೆ ಬಿಸಿ ಮುದ್ದೆ ಇಟ್ಟರು. ಅದ್ದಿದೆ, ನುಂಗಿದೆ. ಸರಾಗವಾಗಿ ಇಳಿಯಿತು.

ಪಂಥದಿಂದ ಒಂದು ಲಾಭವಾಯಿತೆಂದು ಒಪ್ಪಬೇಕು. 'ಅಗಿಯೋ ಮೇಷ್ಟ್ರು' ಎಂಬ ಹೆಸರು ಶ್ರೀನಿವಾಸಪುರಕ್ಕೆ ಬರಲೇ ಇಲ್ಲ. ಜೂನ್‌ನಲ್ಲಿ ಶಾಲೆ ತೆರೆದಾಗ ನನಗಾಗಿ ಕಾದಿದ್ದ ಹೆಸರು: 'ಗಂಜಿಗೆ ಉಗಿದ ಮೇಷ್ಟ್ರು.'