ರಾಗ್‌ಟೈಮ್ ಕಲಿತ ಎಡಗೈ

ಬಾಗೇವಾಡಿಯ ನಮ್ಮ ಓಣಿಯ ಮಠದಲ್ಲಿ ಸೋಮವಾರದ ಭಜನೆಗೆ ನಾನು ಇಪ್ಪತ್ತೆಂಟು ವರ್ಷಗಳಿಂದ ಹಾರ್ಮೋನಿಯಂ, ನಮ್ಮ ಕಡೆಯ ಮಾತಿನಲ್ಲಿ ಪೇಟಿ, ನುಡಿಸುತ್ತಿದ್ದೇನೆ. ವೃತ್ತಿಯಿಂದ ಕನ್ನಡ ಮಾಸ್ತರ. ಆದರೆ ನನ್ನ ಪೇಟಿಯ ಆಧಾರವಿಲ್ಲದಿದ್ದರೆ ಭಜನೆ ಎರಡು ನಿಮಿಷವೂ ನಡೆಯಲಾರದು ಎಂಬುದೇ ನನ್ನ ಬದುಕಿನ ಒಂದೇ ಹೆಮ್ಮೆ. ಇದನ್ನು ಹೆಂಡತಿ ಗಿರಿಜಾಗೆ ಆಗಾಗ ನೆನಪಿಸುತ್ತಲೂ ಇದ್ದೆ.

ಹೀಗಿರುವಾಗ ಮೊಬೈಲಿನಲ್ಲಿ ರಾಗ್‌ಟೈಮ್ ಎಂಬ ಅಮೆರಿಕದ ಹಳೆಯ ಪಿಯಾನೋ ವಾದನ ಕೇಳಿದೆ. ಎಡಗೈ ತಪ್ಪದೆ ತಾಳ ಹಾಕುತ್ತ ಮಂದ್ರಕ್ಕೂ ಮಧ್ಯಕ್ಕೂ ಜಿಗಿಯಬೇಕು. ಬಲಗೈಯ ಸ್ವರಗಳು ಬೇಕೆಂದೇ ತಾಳದ ಹಿಂದೆ ಮುಂದೆ ಬೀಳಬೇಕು. ನಮ್ಮ ಸಾಲೆಯಲ್ಲಿ ಯಾರೂ ಮುಟ್ಟದ, ಪಿಯಾನೋದಂತೆ ನುಡಿಸುವ ಒಂದು ಕೀಬೋರ್ಡ್ ಇತ್ತು. ಹೆಡ್ಮಾಸ್ತರರನ್ನು ಕೇಳಿ ಮನೆಗೆ ತಂದೆ.

"ಎಷ್ಟು ದಿನ ಬೇಕ್ರಿ ಕಲ್ಯಾಕ?" ಎಂದಳು ಗಿರಿಜಾ.

"ಪೇಟಿ ಬರೂ ಮನಷ್ಯಾಗ ಎರಡು ವಾರ ಭಾಳ ಆತು."

ಮೊದಲ ದಿನವೇ ನನ್ನ ಎಡಗೈ ಮನೆಯ ಮರ್ಯಾದೆ ತೆಗೆಯಿತು. ಇಪ್ಪತ್ತೆಂಟು ವರ್ಷ ಅದು ತಿದಿ ಒತ್ತಿ ಗಾಳಿ ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಬಲಗೈ ಸ್ವರ ಹಿಡಿದದ್ದೇ ತಡ, ಎಡಗೈ ತಾನಾಗಿ ಕೀಬೋರ್ಡಿನ ಬೆನ್ನಿಗೆ ಹೋಗಿ ಒತ್ತತೊಡಗಿತು. ಕೀಬೋರ್ಡ್ ಟೀಪಾಯಿಯ ಮೇಲೆ ಜಾರಿ ಜಾರಿ, ಕೊನೆಗೆ ಜೋಳದ ಚೀಲದ ಮೇಲೆ ಬಿತ್ತು.

"ಅದಕ್ಕ ಕರೆಂಟ್ ಐತ್ರಿ, ಗಾಳಿ ಬ್ಯಾಡ," ಎಂದಳು ಗಿರಿಜಾ ಅಡುಗೆಮನೆಯಿಂದ.

ಹಟ ಹಿಡಿದೆ. ಪಾಠ ಮಾಡುವಾಗ ಮೇಜಿನ ಮೇಲೆ, ಉಣ್ಣುವಾಗ ತೊಡೆಯ ಮೇಲೆ ಎಡಗೈಯನ್ನು ಜಿಗಿಸಿದೆ. ಬಸ್ಸಿನಲ್ಲಿ ಪಕ್ಕದವರ ತೊಡೆಯ ಮೇಲೂ ಜಿಗಿಯಿತು, ಅವರು ಎದ್ದು ಬೇರೆ ಕಡೆ ಕೂತರು. ಎರಡು ತಿಂಗಳಾದ ಮೇಲೆ ಎಡಗೈ ಹಾದಿಗೆ ಬಂತು. ಭಜನೆಯಲ್ಲಿ ತಬಲಾ ಬಾರಿಸುವ ಪಕ್ಕದ ಮನೆಯ ಸಿದ್ದಪ್ಪನನ್ನು ಕರೆದು ನುಡಿಸಿ ತೋರಿಸಿದೆ.

ಅವನು ತಲೆ ಕೆರೆದುಕೊಂಡ. "ಮಾಸ್ತರ, ತಾಳ ತಪ್ಪಾಕತ್ತೈತ್ರಿ."

"ಬೇಕಂತನ ತಪ್ಪಸಾಕತ್ತೇನಿ."

"ಅದಕ್ಕ ಎರಡು ತಿಂಗಳ ಯಾಕ್ರಿ? ನಮ್ಮ ತಮ್ಮಗ ತಾಳ ತಪ್ಪಸೂದು ಕಲೀದನ ಬರ್ತೈತಿ."

ಕಲೆಯ ಗಂಧವಿಲ್ಲದವನು ಎಂದುಕೊಂಡೆ.

ಮರುದಿನ ಸೋಮವಾರ. ಮಠದಲ್ಲಿ ಪೇಟಿಯ ಮುಂದೆ ಕೂತೆ. ಮೊದಲ ಪದ ಹಾಡಲು ಶುರುಮಾಡಿದರು. ಎಡಗೈ ತಿದಿ ಬಿಟ್ಟು ಮುಂದೆ ಬಂದು ಸ್ವರದ ಕೀಲಿಗಳ ಮೇಲೆ ಜಿಗಿಯತೊಡಗಿತು. ಗಾಳಿ ತೀರಿ, ಪೇಟಿ ಒಮ್ಮೆ ನರಳಿ ಮೂಕವಾಯಿತು.

ಇನ್ನೇನು ಭಜನೆ ನಿಂತಿತು, ಇಪ್ಪತ್ತೆಂಟು ವರ್ಷದ ಮಾನ ಹೋಯಿತು ಎಂದು ಕಣ್ಣು ಮುಚ್ಚಿದೆ.

ಭಜನೆ ನಿಲ್ಲಲಿಲ್ಲ.

ಕಣ್ಣು ತೆರೆದು ನೋಡಿದರೆ ಎಲ್ಲರೂ ತನ್ಮಯರಾಗಿ ಹಾಡುತ್ತಿದ್ದರು. ಒಬ್ಬರೂ ನನ್ನತ್ತ ತಿರುಗಲಿಲ್ಲ. ತಿದಿಗೆ ಕೈ ಹಾಕಬೇಕೆಂದುಕೊಂಡೆ, ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಂದು ತೆಳ್ಳಗಿನ, ಶುದ್ಧವಾದ ದನಿ ಕೇಳಿಸಿತು. ಯಾರದಿರಬಹುದೆಂದು ಕತ್ತು ಉದ್ದ ಮಾಡಿದೆ. ಗಿರಿಜಾ! ಇಷ್ಟು ವರ್ಷ ಅವಳು ಅಲ್ಲೇ ಕೂತು ಹಾಡುತ್ತಿದ್ದಳು. ನನ್ನ ಪೇಟಿಯ ಗದ್ದಲದಲ್ಲಿ ನನಗೆ ಒಂದು ದಿನವೂ ಕೇಳಿಸಿರಲಿಲ್ಲ. ನಾಚಿಕೆಯಾಯಿತು, ಸಂತೋಷವೂ ಆಯಿತು. ಕೊನೆಯ ಪದದವರೆಗೂ ತಿದಿ ಮುಟ್ಟದೆ, ಸುಮ್ಮನೆ ಬೆರಳಾಡಿಸುತ್ತ ಕೂತೆ.

ಮಂಗಳಾರತಿ ಮುಗಿದ ಮೇಲೆ ಸಿದ್ದಪ್ಪ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ.

"ಮಾಸ್ತರ, ಇವತ್ತ ನಿಮ್ಮ ಪೇಟಿ ಭಾಳ ಚಲೋ ಕೂಡಿತ್ರಿ. ಪದದ ಒಂದೊಂದು ಮಾತೂ ತಿಳೀತು. ಮುಂದಿನ ಸೋಮವಾರನೂ ಹಿಂಗ ಬಾರಸ್ರಿ."

ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ.

"ಅದಕ್ಕ ಸಾಧನಾ ಬೇಕಪಾ," ಎಂದೆ.