ಮೂವತ್ತೈದು ಅಡಿ ಉದ್ದದ ಕೆಂಪು ಕಾರು

ನಮ್ಮ ಅತ್ತೆಯ ಕಾರು ಹನ್ನೊಂದು ಅಡಿ ಉದ್ದವಿದೆ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಆದರೆ ಅತ್ತೆ ಓಡಿಸುವಾಗ ಮಾತ್ರ ಅದು ಮೂವತ್ತೈದು ಅಡಿ ಆಗಿಬಿಡುತ್ತದೆ! ಶಹಾಪುರದ ನಮ್ಮ ಓಣಿಯ ಮೂಲೆಯಲ್ಲಿ ಎಡಕ್ಕೆ ತಿರುಗಬೇಕಾದರೆ ಆಕೆ ಮೊದಲು ಪೂರ್ತಿ ಬಲಕ್ಕೆ ಹೋಗುತ್ತಾಳೆ. ಹಿಟ್ಟಿನ ಗಿರಣಿಯ ಕಟ್ಟೆಯನ್ನು ಇನ್ನೇನು ಮುಟ್ಟಬೇಕು ಎನ್ನುವಾಗ, ಹಿಂದೆ ಇನ್ನೂ ಇಪ್ಪತ್ತನಾಲ್ಕು ಅಡಿ ಬರುವುದಿದೆ ಎಂಬಂತೆ ಸಾವಕಾಶವಾಗಿ ಎಡಕ್ಕೆ ಹೊರಳಿಸುತ್ತಾಳೆ. ಹಿಂದೆ ನಿಜವಾಗಿ ಏನು ಬರುತ್ತದೆ? ನಾಲ್ಕು ಬೈಕು, ಒಂದು ಹಾಲಿನ ಗಾಡಿ, ಅವರೆಲ್ಲರ ಬೈಗುಳ.

ತಪ್ಪು ಅತ್ತೆಯದಲ್ಲ. ಆಕೆಗೆ ಕಾರು ಕಲಿಸಿದವರು ನಮ್ಮ ಮಾವ. ಮಾವ ಮೂವತ್ತೆರಡು ವರ್ಷ ಯಾದಗಿರಿ, ಶಹಾಪುರ, ಸುರಪುರದ ರೂಟಿನಲ್ಲಿ ಸರ್ಕಾರಿ ಬಸ್ಸು ಓಡಿಸಿದವರು. ನಿವೃತ್ತರಾದ ಎರಡೇ ವರ್ಷಕ್ಕೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಈಗ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವುದು ಬಿಟ್ಟರೆ ಅವರಿಗೆ ಏನೂ ಕಾಣುವುದಿಲ್ಲ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕೂಡಲಿಲ್ಲ. ಹಳೆಯದೊಂದು ಕೆಂಪು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿ, ಮಾವನನ್ನು ಎಡಗಡೆ ಸೀಟಿನಲ್ಲಿ ಕೂರಿಸಿ, "ಕಲಸ್ರಿ" ಎಂದಳು. ಐವತ್ತೆಂಟನೇ ವಯಸ್ಸಿನಲ್ಲಿ! ಕಣ್ಣು ಕಾಣದ ಗುರು, ಕ್ಲಚ್ ಯಾವುದೆಂದು ತಿಳಿಯದ ಶಿಷ್ಯೆ, ಹಿಂದಿನ ಸೀಟಿನಲ್ಲಿ ಮನೆದೇವರನ್ನು ನೆನೆಯುತ್ತ ಕೂತ ನಾನು. (ಹೆದರಬೇಡಿ, ಆಕೆ ಡ್ರೈವಿಂಗ್ ಸ್ಕೂಲಿಗೂ ಹೋಗಿದ್ದಳು. ಅಲ್ಲಿ ಕಲಿಸಿದ್ದನ್ನೆಲ್ಲ ಮಾವ ಮನೆಯಲ್ಲಿ ಮರೆಸಿಬಿಟ್ಟರು.) ಮಾವನಿಗೆ ಬಸ್ಸು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಹಾಗಾಗಿ ಅತ್ತೆ ಕಲಿತದ್ದು ಬಸ್ಸೇ.

ಬಸ್ಸು ಎಂದರೆ ಅರೆಬರೆ ಬಸ್ಸಲ್ಲ. ಹಿಂದಿನಿಂದ ಯಾರಾದರೂ ಎರಡು ಸಲ ತಗಡು ಬಡಿದು "ರೈಟ್, ರೈಟ್!" ಅನ್ನದೆ ಅತ್ತೆಯ ಕಾರು ಒಂದು ಗೇಣೂ ಮುಂದೆ ಹೋಗುವುದಿಲ್ಲ. ಈ ಕೆಲಸಕ್ಕೆ ನಾನು ಖಾಯಂ ಆಗಿ ನೇಮಕವಾಗಿದ್ದೇನೆ. ನಾನೋ ಎಂ.ಎ. ಓದಿ ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ! ನನ್ನ ವಿದ್ಯಾರ್ಥಿಗಳ ಕಣ್ಣೆದುರೇ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ಬಡಿಯುತ್ತೇನೆ. ರಿವರ್ಸ್ ತೆಗೆದುಕೊಳ್ಳುವಾಗ ಇಳಿದು ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!" ಎಂದು ಕೂಗುತ್ತೇನೆ. ಒಮ್ಮೆ "ಹೋಲ್ಡಾನ್" ಹೇಳುವುದು ಸ್ವಲ್ಪ ತಡವಾಗಿ ನಮ್ಮ ತುಳಸಿಕಟ್ಟೆ ಒಂದು ಮೊಳ ಹಿಂದಕ್ಕೆ ಸರಿಯಿತು. ತಪ್ಪು ಯಾರದು? ಕಂಡಕ್ಟರನದು ಎಂದು ಮಾವ ತೀರ್ಪು ಕೊಟ್ಟರು.

ಇದಕ್ಕಿಂತ ದೊಡ್ಡ ಫಜೀತಿ ಸ್ಟಾಪುಗಳದು. ಯಾದಗಿರಿಗೆ ಹೊರಟರೆ ದೋರನಹಳ್ಳಿಯಲ್ಲಿ ನಿಲ್ಲಬೇಕು, ನಾಯ್ಕಲ್‌ನಲ್ಲಿ ನಿಲ್ಲಬೇಕು. ಹತ್ತುವವರು ಇಲ್ಲ, ಇಳಿಯುವವರು ಇಲ್ಲ, ಕೆಲಸವೂ ಇಲ್ಲ. ಆದರೂ ನಿಲ್ಲಬೇಕು! ಒಂದು ದಿನ ದೋರನಹಳ್ಳಿಯ ಸ್ಟಾಪಿನಲ್ಲಿ ಒಬ್ಬ ಅಜ್ಜ ಕಿಟಕಿಯೊಳಗೆ ಟವೆಲ್ ಎಸೆದು ನನ್ನ ಪಕ್ಕದ ಸೀಟು ಹಿಡಿದ. ಆಮೇಲೆ ಬಾಗಿಲು ತೆಗೆದು ಹತ್ತಿ ಕೂತು ಕೇಳಿದ: "ಯಾದಗಿರಿಗಿ ಒಂದ್ ಹಾಫ್ ಕೊಡ್ರಿ. ಸೀನಿಯರ್ ಇದ್ದೀನಿ." ಅತ್ತೆ ಕನ್ನಡಿಯಲ್ಲಿ ನನ್ನತ್ತ ನೋಡಿದಳು. ನಾನು ರೈಟ್ ಹೇಳಿದೆ. ಇನ್ನೇನು ಹೇಳಲಿ?

ಎದುರಿಗೆ ಏನಾದರೂ ಬಂತೋ, ಅತ್ತೆಯ ಕಾರು ಇಪ್ಪತ್ತಕ್ಕೆ ಇಳಿಯುತ್ತದೆ. ಏನೂ ಬರದಿದ್ದರೂ ಐವತ್ತು ದಾಟುವುದಿಲ್ಲ. ಇಂಥ ಅತ್ತೆಗೆ, ಯಾದಗಿರಿಯಲ್ಲಿ ನಾಲ್ಕು ಟೈರು ಕೊಂಡಿದ್ದಕ್ಕೆ ಅಂಗಡಿಯ ಲಕ್ಕಿ ಡ್ರಾದಲ್ಲಿ ಮೊದಲ ಬಹುಮಾನ ಬಂತು. ಏನದು? ಹೈದರಾಬಾದಿನ ಆಚೆಯ ಒಂದು ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಸ್ವಂತ ಕಾರು ಓಡಿಸುವ ಅವಕಾಶ!

ಅತ್ತೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಎರಡನೇ ಬಹುಮಾನ ಏನದ?"

"ಕುಕ್ಕರ್, ಅತ್ತಿ."

"ಹಂಗಾರ ಎರಡನೇದ ಕೊಡು ಅನ್ನು. ನಮ್ಮ ಕುಕ್ಕರಿನ ಸೀಟಿ ಹಾಳಾಗ್ಯದ."

ಅಂಗಡಿಗೆ ಹೋಗಿ ಕುಕ್ಕರ್ ಕೇಳುವುದು ಎಂದು ನಿರ್ಧಾರವೂ ಆಯಿತು. ಆಗ ಹಾಸಿಗೆಯ ಮೇಲೆ ಕೂತು ಸುಪಾರಿ ಕತ್ತರಿಸುತ್ತಿದ್ದ ಮಾವ ಕೇಳಿದರು, "ಅಲ್ಲಿ ಎದುರಿಗೆ ಗಾಡಿ ಬರ್ತಾವೇನು?"

"ಇಲ್ಲ ಮಾವ. ಎಲ್ಲಾರೂ ಒಂದ ದಿಕ್ಕಿಗಿ ಓಡಸ್ತಾರ."

ಮಾವ ಅಡಕತ್ತು ಕೆಳಗಿಟ್ಟರು. "ಮೂವತ್ತೆರಡು ವರ್ಷ ಓಡಸೀನಿ. ಒಂದ್ ದಿನಾ ಖಾಲಿ ರೋಡ್ ಸಿಗಲಿಲ್ಲ ನೋಡು. ಹತ್ತಿ ಲಾರಿ ಹೋತು ಅಂದ್ರ ಕಬ್ಬಿನ ಟ್ರ್ಯಾಕ್ಟರ್, ಅದು ಹೋತು ಅಂದ್ರ ಕುರಿ ಹಿಂಡು. ಎದುರಿಗೆ ಏನೂ ಇಲ್ಲದ ರೋಡಿನ್ಯಾಗ ಪೂರಾ ತುಳದ್ರ ಹ್ಯಾಂಗ ಅನಸ್ತದ ಅನ್ನೂದು ನನಗ ಗೊತ್ತ ಇಲ್ಲ." ಆಮೇಲೆ ಅತ್ತೆ ಇದ್ದ ದಿಕ್ಕಿಗೆ ಮುಖ ತಿರುಗಿಸಿ, "ನೀ ಹೋಗಿ ತುಳದು ಬಾ. ಬಂದು ನನಗ ಹೇಳು" ಎಂದರು.

ಕುಕ್ಕರ್ ಅಲ್ಲಿಗೆ ಮುಗಿಯಿತು. ಆದರೆ ಅಂದಿನಿಂದ ಅತ್ತೆಗೆ ನಿದ್ದೆ ಇಲ್ಲ. ಐವತ್ತು ದಾಟದ ಕಾಲು ಪೂರಾ ತುಳಿಯುವುದು ಹೇಗೆ? ತುಳಿಯದೆ ಬಂದು ಮಾವನಿಗೆ ಸುಳ್ಳು ಹೇಳುವುದು ಹೇಗೆ? "ನಿಮ್ಮ ಮಾವಗ ಇಂಜಿನ್ ಸಪ್ಪಳ ಕೇಳಿದ್ರ ಗೇರ್ ಗೊತ್ತಾಗ್ತದೋ. ನನ್ನ ದನಿ ಕೇಳಿದ್ರ ಸುಳ್ಳು ಗೊತ್ತಾಗಂಗಿಲ್ಲೇನು?" ಎಂದು ನನ್ನನ್ನೇ ಕೇಳಿದಳು. ಕಡೆಗೆ ಮಾವನನ್ನೂ ಕರೆದುಕೊಂಡೇ ಹೊರಟೆವು. ಐದು ತಾಸಿನ ದಾರಿ. ಸ್ಟಾಪುಗಳ ದೆಸೆಯಿಂದ ನಮಗೆ ಒಂಬತ್ತು ತಾಸು ಹಿಡಿಯಿತು. ರಾತ್ರಿ ಲಾಡ್ಜಿನಲ್ಲಿ ಮಲಗಿ ಬೆಳಿಗ್ಗೆ ಎಂಟಕ್ಕೆ ಟ್ರ್ಯಾಕಿಗೆ ಹಾಜರಾದೆವು.

ತುಂಬು ತೋಳಿನ ಅಂಗಿ ಕಡ್ಡಾಯ ಎಂದು ಮೊದಲೇ ತಿಳಿಸಿದ್ದರು. ಅತ್ತೆ ಇಳಕಲ್ ಸೀರೆಯ ಮೇಲೆ ಮಾವನ ಖಾಕಿ ಅಂಗಿ ತೊಟ್ಟಿದ್ದಳು. ಎದೆಯ ಮೇಲೆ ಮಾವನ ಹಿತ್ತಾಳೆ ಬಿಲ್ಲೆ ಬೇರೆ! ಸುತ್ತ ನೋಡಿದರೆ ನೆಲಕ್ಕೆ ಅಂಟಿಕೊಂಡಂಥ ಕಾರುಗಳು, ಕಪ್ಪು ಕನ್ನಡಕದ ಜನ. ನಮ್ಮ ಕೆಂಪು ಕಾರು ಮದುವೆಗೆ ಕರೆಯದೆ ಬಂದ ನೆಂಟರ ಹಾಗೆ ಒಂದು ಮೂಲೆಯಲ್ಲಿ ನಿಂತಿತು.

ತರಬೇತಿ ಕೊಡುವವನು ದೊಡ್ಡ ಮೀಸೆಯ ಮನುಷ್ಯ. ನಮ್ಮ ಪುಣ್ಯಕ್ಕೆ ಗುರುಮಠಕಲ್ ಕಡೆಯವನಂತೆ, ಕನ್ನಡ ಬರುತ್ತಿತ್ತು. "ಕಾರಿನಾಗ ಸಡಿಲ ಸಾಮಾನು ಒಂದೂ ಇರಬಾರದಮ್ಮಾ" ಎಂದು ಡಿಕ್ಕಿ ತೆಗೆಸಿದ. ರೊಟ್ಟಿಯ ಗಂಟು ಬಂತು. ಶೇಂಗಾ ಚಟ್ನಿಯ ಡಬ್ಬಿ, ನೀರಿನ ಕ್ಯಾನು, ಎರಡು ಛತ್ರಿ, ಒಂದು ಕಂಬಳಿ, ತಂಬಿಗೆ, ಕಡೆಗೆ ಒಂದು ಈಳಿಗೆಮಣೆ! ಮೀಸೆಯವನು ಈಳಿಗೆಮಣೆಯನ್ನು ಎತ್ತಿ ಹಿಡಿದು ಅತ್ತೆಯ ಮುಖ ನೋಡಿದ. "ದಾರ್‍ಯಾಗ ಉಳ್ಳಾಗಡ್ಡಿ ಹೆಚ್ಚಾಕ ಬೇಕಲ್ರೀ" ಎಂದು ಅತ್ತೆ ತಿಳಿಹೇಳಿದಳು. ಆಮೇಲೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಅವನು ಬೇಡವೆಂದ. ನಾಲ್ಕಕ್ಕೆ ಬೇಡವಾದರೆ ಒಂದಕ್ಕೆ ಎಂದು ಚೌಕಾಸಿ ನಡೆದು, ಒಂದು ನಿಂಬೆಹಣ್ಣಿಗೆ ಇತ್ಯರ್ಥವಾಯಿತು.

ಮೊದಲ ಸುತ್ತಿನಲ್ಲಿ ಡ್ರೈವರ್ ಒಬ್ಬರೇ ಇರಬೇಕು. ನಾನೂ ಮಾವನೂ ಮೆಟ್ಟಿಲ ಮೇಲೆ ಕೂತೆವು. ಹಸಿರು ಬಾವುಟ ಬೀಸಿದರು. ಎಲ್ಲರೂ ಭರ್ರೆಂದು ಹೋದರು. ಅತ್ತೆ ಹೋಗಲಿಲ್ಲ! ಬಾವುಟದವನು ಮತ್ತೆ ಬೀಸಿದ, ಕುಣಿದು ಬೀಸಿದ. ಕಾರು ಅಲ್ಲಾಡಲಿಲ್ಲ. ನನಗೆ ಥಟ್ಟನೆ ಹೊಳೆಯಿತು. ಎದ್ದು ನಿಂತು, ಕಬ್ಬಿಣದ ಕಟಾಂಜನಕ್ಕೆ ಎರಡು ಸಲ ಬಡಿದು, ಗಂಟಲು ಹರಿಯುವ ಹಾಗೆ "ರೈಟ್, ರೈಟ್!" ಎಂದು ಕೂಗಿದೆ. ಕಾರು ಹೊರಟಿತು. ಕಪ್ಪು ಕನ್ನಡಕದವರೆಲ್ಲ ನನ್ನತ್ತ ತಿರುಗಿದರು. ನಾನು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದೆ.

ಮಾವ ಕಿವಿ ಮುಂದೆ ಮಾಡಿ ಕೂತಿದ್ದರು. "ಥರ್ಡಿನ್ಯಾಗ ಹೊಂಟಾಳ. ಫೋರ್ತ್ ಹಾಕಲಿಲ್ಲ. ಅಂಜಾಕತ್ತಾಳ." ಸ್ವಲ್ಪ ಹೊತ್ತಾದ ಮೇಲೆ, "ಏ, ಸಪ್ಪಳ ನಿಂತದ! ಯಾಕ ನಿಲ್ಲಿಸಿದಳು?"

ನಾನು ನೋಡಿದೆ. ಟ್ರ್ಯಾಕಿನ ಅಂಚಿನಲ್ಲಿ ಕಿತ್ತಳೆ ಅಂಗಿಯವನೊಬ್ಬ ನೀಲಿ ಬಾವುಟ ಬೀಸುತ್ತಿದ್ದ. ಹಿಂದೆ ಜೋರಾಗಿ ಬರುವವರಿಗೆ ದಾರಿ ಬಿಡು ಎಂದು ಅದರ ಅರ್ಥ, ಬೆಳಿಗ್ಗೆಯೇ ಹೇಳಿದ್ದರು. ಅತ್ತೆ ದಾರಿ ಬಿಟ್ಟಿರಲಿಲ್ಲ. ಅವನ ಪಕ್ಕಕ್ಕೆ ಹೋಗಿ ಕಾರು ನಿಲ್ಲಿಸಿ, ಬಗ್ಗಿ ಎಡಗಡೆ ಬಾಗಿಲು ತೆಗೆದು ಏನೋ ಕೇಳುತ್ತಿದ್ದಳು.

"ಯಾರೋ ಕೈ ಮಾಡ್ಯಾರ, ಮಾವ."

"ಹಂಗಾರ ಸರಿ ಬಿಡು" ಎಂದು ಮಾವ ನೆಮ್ಮದಿಯಿಂದ ಹಿಂದಕ್ಕೆ ಒರಗಿದರು.

ಕೆಂಪು ಬಾವುಟ ಬಂತು, ಎಲ್ಲ ಕಾರುಗಳೂ ನಿಂತವು. ಅತ್ತೆ ಇಳಿದವಳೇ ಬೇಸರದಿಂದ ಹೇಳಿದಳು, "ಎಲ್ಲಿಗ್ರಿ ಅಂತ ಎರಡ್ ಸಲ ಕೇಳಿದೆ. ಪುಣ್ಯಾತ್ಮ ಹತ್ತಲೇ ಇಲ್ಲ ನೋಡು!" ಮೀಸೆಯವನು ಮಾತ್ರ ನಗಲಿಲ್ಲ. ಇನ್ನೊಂದು ಸಲ ಟ್ರ್ಯಾಕಿನಲ್ಲಿ ನಿಲ್ಲಿಸಿದರೆ ಮನೆಗೆ ಕಳಿಸುತ್ತೇನೆ ಎಂದ. ಅತ್ತೆಯ ಮುಖ ಬಾಡಿತು. ತುಳಿಯದೆ ಮನೆಗೆ ಹೋಗುವುದೇ?

ಎರಡನೇ ಸುತ್ತಿಗೆ ಅವನೇ ಪಕ್ಕದಲ್ಲಿ ಕೂತ. ಬಂದು ಇಳಿದವನ ಮೀಸೆ ಅರಳಿತ್ತು. "ತಿರುವಿನಾಗ ಮೊದಲು ಹೊರಕ್ಕೆ, ಆಮೇಲೆ ಒಳಕ್ಕೆ, ಮತ್ತ ಹೊರಕ್ಕೆ. ಇದನ್ನ ಕಲಿಸಾಕ ನಾನು ಇವರಿಗೆಲ್ಲಾ ಮುಂಜಾನಿಂದ ಒದ್ದಾಡಾಕತ್ತೀನಿ. ಈ ಅಮ್ಮಗ ಯಾರು ಕಲಿಸಿದ್ರು?" ಎಂದು ಎಲ್ಲರೆದುರು ಕೇಳಿದ. ನಮ್ಮ ಹಿಟ್ಟಿನ ಗಿರಣಿಯ ಮೂಲೆ ಕಲಿಸಿತು ಎಂದು ಹೇಗೆ ಹೇಳುವುದು! ಆದರೆ ನೇರ ರಸ್ತೆಯಲ್ಲಿ ಮಾತ್ರ ಮುಳ್ಳು ಐವತ್ತು ದಾಟಲಿಲ್ಲವಂತೆ. ಎದುರಿಗೆ ಯಾರೂ ಬರುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ ಅತ್ತೆಯದು ಒಂದೇ ಮಾತು: "ಒನ್ ವೇ ಅಂತ ನಮ್ಮ ಊರಾಗೂ ಬೋರ್ಡ್ ಹಾಕ್ಯಾರ್ರಿ."

ಮಧ್ಯಾಹ್ನ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿದೆವು. ಕಪ್ಪು ಕನ್ನಡಕದವರೂ ಶೇಂಗಾ ಚಟ್ನಿಗೆ ಕೈ ಒಡ್ಡಿದರು. ಮಾವ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಾಗ ಮೀಸೆಯವನು ಮೆಲ್ಲಗೆ ಕೇಳಿದ, "ಅಮ್ಮಾ, ಹ್ಯಾಂಡಲ್ ನಿಮಗ ಚೊಲೋ ಬರ್ತದ. ಮತ್ತ ಈ ಸ್ಟಾಪು, ರೈಟು, ತಿರುವಿಗೊಂದು ಹಾರ್ನು, ಇದೆಲ್ಲಾ ಯಾಕ?"

ಅತ್ತೆ ರೊಟ್ಟಿ ಮುರಿಯುತ್ತಲೇ ಹೇಳಿದಳು, "ಕಾರು ಹ್ಯಾಂಗ ಓಡಸಬೇಕು ಅಂತ ನನಗ ಗೊತ್ತಿಲ್ಲೇನ್ರಿ? ಅವರಿಗೆ ಕಾಣಂಗಿಲ್ಲ. ಅವರು ನಿಲ್ಲಿಸಿದಲ್ಲಿ ನಾ ನಿಲ್ಲಿಸಿದ್ರ, ಅವರು ಹೊರಳಿಸಿದಂಗ ನಾ ಹೊರಳಿಸಿದ್ರ, ಎಲ್ಲಿಗೆ ಬಂದೇವಿ ಅಂತ ಅವರಿಗೆ ಗೊತ್ತಾಗ್ತದ. ದೋರನಹಳ್ಳಿ ಬಂತು ಅಂತ ನಾ ಹೇಳೂಕಿಂತ ಅವರು ನನಗ ಹೇಳಬೇಕು. ಆಗ ನೋಡ್ರಿ ಅವರ ಮಾರಿ! ಈಗ ಅದ ರೂಢಿ ಆಗಿಬಿಟ್ಟದ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ಉಳಿಯಿತು. ನಾಲ್ಕು ವರ್ಷದಿಂದ ಹಿಂದಿನ ಸೀಟಿನಲ್ಲಿ ಕೂತಿದ್ದೇನೆ. ಪ್ರತಿ ಸ್ಟಾಪಿನಲ್ಲಿ ಮಾವ "ನಾಯ್ಕಲ್ ಬಂತು" ಅನ್ನುವುದನ್ನು ಕೇಳಿದ್ದೇನೆ. ಶಹಾಪುರ ಹತ್ತಿರವಾಗಿ, ಮಲಗಿದ ಬುದ್ಧನಂತೆ ಕಾಣುವ ನಮ್ಮ ಗುಡ್ಡ ಎದುರಾದಾಗ "ಗುಡ್ಡದ ಮ್ಯಾಲ ಬುದ್ಧ ಮಲಗ್ಯಾನೇನು?" ಎಂದು ಅವರು ಕೇಳುವುದನ್ನೂ, "ಮಲಗ್ಯಾನ್ರಿ, ಎಬ್ಬಸಬ್ಯಾಡ್ರಿ" ಎಂದು ಆಕೆ ಹೇಳುವುದನ್ನೂ ಕೇಳಿ ನಕ್ಕಿದ್ದೇನೆ. ಊರ ತುಂಬ ಅತ್ತೆಯ ಬಸ್ಸಿನ ಕತೆ ಹೇಳಿ ಜನರನ್ನು ನಗಿಸಿದ್ದೇನೆ. ಆ ಹೊತ್ತು ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು.

ಕೊನೆಯ ಸುತ್ತಿಗೆ ಮನೆಯವರನ್ನು ಕೂರಿಸಿಕೊಳ್ಳಬಹುದು ಎಂದರು. ಮಾವನಿಗೂ ಹೆಲ್ಮೆಟ್ ಹಾಕಿ ಎಡಗಡೆ ಕೂರಿಸಿದೆವು. ನಾನು ಹಿಂದೆ ಕೂತು, ಬಾಗಿಲು ಬಡಿಯಲು ರೂಢಿಯಂತೆ ಕೈ ಹೊರಗೆ ಹಾಕಿದೆ.

"ಏ, ನೀ ಸುಮ್ಕ ಕುಂದ್ರು" ಎಂದರು ಮಾವ. ತಮ್ಮ ಕಿಟಕಿಯಿಂದ ಕೈ ಹೊರಗೆ ಹಾಕಿ ತಡವರಿಸಿ, ಬಾಗಿಲಿನ ತಗಡು ಸಿಕ್ಕ ಮೇಲೆ ಎರಡು ಸಲ ಬಡಿದರು. ಮೂವತ್ತೆರಡು ವರ್ಷ ಇನ್ನೊಬ್ಬರಿಂದ ಕೇಳಿದ ಮಾತನ್ನು ಮೊದಲ ಸಲ ತಾವೇ ಹೇಳಿದರು. "ರೈಟ್, ರೈಟ್!"

ಅತ್ತೆ ಹೊರಟಳು. ಇಲ್ಲಿ ನಿಲ್ಲುವಂತಿಲ್ಲ, ಹಾರ್ನ್ ಹಾಕುವಂತಿಲ್ಲ. ಮಾವನಿಗೆ ದಾರಿ ತಿಳಿಯುವುದು ಹೇಗೆ? ಆಕೆ ಬಾಯಲ್ಲೇ ಹೇಳತೊಡಗಿದಳು. "ಈಗ ಎಡಕ್ಕ, ನಮ್ಮ ಗಿರಣಿ ಮೂಲಿ ಇದ್ದಂಗ ಅದ. ಈಗ ಬಲಕ್ಕ, ಭೀಮರಾಯನಗುಡಿ ಕ್ರಾಸ್ ಅನ್ಕೊಳ್ರಿ." ಮಾವನ ಕೈಗಳು ಮಡಿಲಲ್ಲಿ ಇಲ್ಲದ ಸ್ಟೇರಿಂಗನ್ನು ತಿರುಗಿಸುತ್ತಿದ್ದವು. ಕಡೆಯ ತಿರುವು ದಾಟಿದೆವು. ಉದ್ದನೆಯ ನೇರ ರಸ್ತೆ ತೆರೆದುಕೊಂಡಿತು.

"ಎದುರಿಗೆ ಏನ್ ಬರಾಕತ್ತದ?" ಎಂದು ಕೇಳಿದರು ಮಾವ.

"ಏನೂ ಇಲ್ರಿ."

"ಲಾರಿ?"

"ಇಲ್ರಿ."

"ಕುರಿ ಹಿಂಡು? ಚೊಲೋತಂಗ ನೋಡಿ ಹೇಳು."

"ಒಂದ್ ಮರೀನೂ ಇಲ್ರಿ. ರೋಡ್ ಪೂರಾ ನಿಮ್ದ ಅದ."

ಚಪ್ಪಲಿಯೊಳಗಿನ ಮಾವನ ಬಲಗಾಲು ಮುಂದಕ್ಕೆ ಸರಿದು ನೆಲವನ್ನು ಒತ್ತಿತು.

"ಹಂಗಾರ ತುಳಿ" ಎಂದರು.

ಅತ್ತೆ ತುಳಿದಳು.